ಎರಡು ನಿಮಿಷದ ವಿಮಾನ: ಹೋಗಿ ಬಂದವರು ಸ್ವಲ್ಪ ಹೇಳಿ

ಕುವೆಂಪುನಗರ, ಮೈಸೂರು: ಮಗಳು ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಓದುತ್ತಿದ್ದಾಳೆ. ಜೂನ್‌ನಲ್ಲಿ ನಾವಿಬ್ಬರೂ ಹೋಗುತ್ತಿದ್ದೇವೆ. ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಪ್ರಪಂಚದಲ್ಲೇ ಅತಿ ಚಿಕ್ಕ ವಿಮಾನ ಪ್ರಯಾಣ ಇದೆಯಂತೆ. ನಮ್ಮ ಯಜಮಾನರಿಗೆ ಅದರಲ್ಲಿ ಕೂರಲೇಬೇಕಂತೆ. ನಿಜಕ್ಕೂ ಎಷ್ಟು ದೂರ, ಎಷ್ಟು ಹೊತ್ತು? ಅಬರ್ಡೀನ್‌ನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದಾ?

ವಿಜಯನಗರ, ಮೈಸೂರು: ನಾನು ಹೋಗಿದ್ದೇನೆ ಮೇಡಂ. ದೂರ 2.7 ಕಿ.ಮೀ. ನಮ್ಮ ಕೆಆರ್‌ಎಸ್ ಕಟ್ಟೆ 2.6 ಕಿ.ಮೀ. ಉದ್ದ ಅಲ್ವಾ, ಅದರ ಈ ತುದಿಯಿಂದ ಆ ತುದಿಗೆ ಹಾರಿದ ಹಾಗೆ ಅಂದ್ಕೊಳ್ಳಿ. ಟೈಂಟೇಬಲ್‌ನಲ್ಲಿ 2 ನಿಮಿಷ. ಗಾಳಿ ಕೂಡಿಬಂದು 53 ಸೆಕೆಂಡಿನಲ್ಲಿ ಮುಟ್ಟಿದ ದಾಖಲೆಯೂ ಇದೆ. 1967ರಿಂದ ಓಡಾಡುತ್ತಿದೆ. ವಿಮಾನದ ಹೆಸರು ಐಲ್ಯಾಂಡರ್, ಎರಡು ಎಂಜಿನ್, ಎಂಟೇ ಜನ. ಒಳಗೆ ನಮ್ಮ ಹಳೇ ಮೆಟಡೋರ್ ನೆನಪಾಗುತ್ತೆ, ಸದ್ದೂ ಹಾಗೇ. ನನ್ನನ್ನು ಪೈಲಟ್ ಪಕ್ಕಕ್ಕೇ ಕೂರಿಸಿದರು, ಮುಂದೆ ಮೀಟರ್ ಮುಳ್ಳುಗಳು ಅಲ್ಲಾಡೋದು ನೋಡುತ್ತಾ ಮೊಬೈಲ್ ತೆಗೆದು ಕ್ಯಾಮೆರಾ ಆನ್ ಮಾಡೋಷ್ಟರಲ್ಲಿ ಚಕ್ರ ನೆಲ ಮುಟ್ಟಿತ್ತು, ವಿಡಿಯೋದಲ್ಲಿ ಇರೋದು ಬರೀ ನನ್ನ ಮೊಣಕಾಲು. ಹಿಂದೆ ಕೂತಿದ್ದ ಅಲ್ಲಿನವರೊಬ್ಬರು ತಲೆಯನ್ನೂ ಎತ್ತಲಿಲ್ಲ. ಟೀಚರ್‌ಗಳು, ಡಾಕ್ಟರ್‌ಗಳು ಕೆಲಸಕ್ಕೆ ಓಡಾಡೋದೇ ಅದರಲ್ಲಿ, ಅವರಿಗೆ ಅದು ಸಿಟಿ ಬಸ್ಸು.

ಮಂಡ್ಯ: ಅಕ್ಕ, ಆ 2 ನಿಮಿಷ ನಂಬಿಕೊಂಡು ಪ್ಲಾನ್ ಮಾಡಬೇಡಿ. ಮೈಸೂರಿಂದ ದೇವನಹಳ್ಳಿ ಏರ್‌ಪೋರ್ಟಿಗೇ ಫ್ಲೈಬಸ್ಸಲ್ಲಿ ನಾಲ್ಕು ಗಂಟೆ ಬೇಕು, ಗೊತ್ತಲ್ಲ! ಅಲ್ಲೂ ಅದೇ ಕಥೆ. ಅಬರ್ಡೀನ್‌ನಿಂದ ಮೊದಲು ವಿಮಾನದಲ್ಲಿ ಆರ್ಕ್ನಿಯ ಮುಖ್ಯ ಊರು ಕಿರ್ಕ್‌ವಾಲ್‌ಗೆ ಹೋಗಬೇಕು, ಅದೇ ಒಂದು ಗಂಟೆ ಹತ್ತಿರ. ಅಲ್ಲಿಂದ ಈ ಪುಟ್ಟ ವಿಮಾನ. ನಾನು ಒಂದೇ ದಿನ ಇಟ್ಟುಕೊಂಡು ಹೋಗಿದ್ದೆ, ತಪ್ಪು ನನ್ನದೇ. ಬೆಳಿಗ್ಗೆ ಎದ್ದರೆ ಎದುರಿನ ಮನೆ ಕಾಣದಷ್ಟು ಮಂಜು. ಕೋಡುಬಳೆ ಡಬ್ಬಿ ಖಾಲಿ ಮಾಡುತ್ತಾ ಕೂತಿದ್ದು ಬಂದೆ, ಅಷ್ಟೇ. ಎರಡು ದಿನ ಇಡಿ. ಇನ್ನೊಂದು ವಿಷಯ, ಕಿರ್ಕ್‌ವಾಲ್‌ನಿಂದ ಹೊರಡೋ ಎಲ್ಲಾ ವಿಮಾನವೂ ವೆಸ್ಟ್ರೇಗೆ ಇಳಿದು ಮುಂದಕ್ಕೆ ಹೋಗಲ್ಲ, ಕೆಲವು ನೇರ ಪಾಪಾ ವೆಸ್ಟ್ರೇಗೇ ಹೋಗ್ತವೆ. ಟಿಕೆಟ್ ಮಾಡೋವಾಗಲೇ ಕೇಳಿಕೊಳ್ಳಿ, ಇಲ್ಲದಿದ್ರೆ ಆ ಎರಡು ನಿಮಿಷವೇ ತಪ್ಪಿಹೋಗುತ್ತೆ.

ಸರಸ್ವತಿಪುರಂ, ಮೈಸೂರು: ಇಳಿದ ತಕ್ಷಣ ಅದೇ ವಿಮಾನ ಹತ್ತಿ ವಾಪಸ್ ಬರಬೇಡಿ. ಪಾಪಾ ವೆಸ್ಟ್ರೇಯ ಪಶ್ಚಿಮ ದಡದಲ್ಲಿ ನ್ಯಾಪ್ ಆಫ್ ಹೋವರ್ ಅಂತ ಕಲ್ಲಿನ ಮನೆ ಇದೆ. ಐದು ಸಾವಿರ ವರ್ಷಕ್ಕಿಂತ ಹಳೇದು. ಬಾಗಿಲು ಎಷ್ಟು ಗಿಡ್ಡ ಅಂದ್ರೆ ನಮ್ಮ ಅಜ್ಜಿ ಮನೆಯ ಹಾಗೆ ಬಗ್ಗಿಯೇ ಒಳಗೆ ಹೋಗಬೇಕು. ಎರಡು ದ್ವೀಪದ ಮಧ್ಯೆ ದೋಣಿಯೂ ಇದೆ. ಒಂದು ಕಡೆ ವಿಮಾನ, ಇನ್ನೊಂದು ಕಡೆ ದೋಣಿ ಮಾಡಿ ನೋಡಿ. ಜೂನ್ ಆದ್ರೂ ಸ್ವೆಟರ್ ಮರೀಬೇಡಿ.

ಕುವೆಂಪುನಗರ, ಮೈಸೂರು: ಎಲ್ಲರಿಗೂ ಥ್ಯಾಂಕ್ಸ್. ಕಿರ್ಕ್‌ವಾಲ್‌ನಲ್ಲಿ ಎರಡು ರಾತ್ರಿ ಇರುತ್ತೇವೆ. ಕೋಡುಬಳೆ ಡಬ್ಬಿಯೂ ಎರಡು.