ಪದಚರ್ಚೆ: ಲೋಹದ 'ಫಿನಿಶ್'ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ.

ಹಳೇ ಸ್ಪೋರ್ಟ್ಸ್ ಕಾರೊಂದರ ಎಂಜಿನ್ ಪ್ರದರ್ಶನಕ್ಕೆ ಕನ್ನಡ ಫಲಕ ಬರೆಯುತ್ತಿದ್ದೇನೆ. ಜಾಗ್ವಾರ್ ಇ-ಟೈಪ್, 1961ರಲ್ಲಿ ಬಂದದ್ದು, 3.8 ಲೀಟರಿನ ಆರು ಸಿಲಿಂಡರ್ ಎಂಜಿನ್. ಪೂರ್ತಿ ಬಿಚ್ಚಿ, ಒಂದೊಂದು ಭಾಗವನ್ನೂ ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೆ ಮಾಡಿ ಜೋಡಿಸಿದ್ದಾರೆ. ಫಲಕದ ಮುಖ್ಯ ವಾಕ್ಯವೇ ಅದು: ಭಾಗಗಳ ಮೂಲ 'ಫಿನಿಶ್' ಮರಳಿ ತಂದಿದ್ದೇವೆ ಅಂತ.

ನಿಘಂಟು ನೋಡಿದರೆ 'ಮುಕ್ತಾಯ' ಅನ್ನುತ್ತದೆ. 'ಲೋಹದ ಮೂಲ ಮುಕ್ತಾಯ' ಅಂತ ಬರೆದರೆ ಲೋಹ ತೀರಿಕೊಂಡ ಹಾಗಿದೆ. 'ಹೊಳಪು' ಅಂತ ಹಾಕೋಣವೆಂದರೆ ಅರ್ಧಕ್ಕರ್ಧ ಭಾಗ ಹೊಳೆಯುವುದೇ ಇಲ್ಲ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಒಂದೇ ಪದ ಸಾಕು, ದಯವಿಟ್ಟು.

– ಸೌ.

* * *

ಮರು: ಲೋಹದ 'ಫಿನಿಶ್'

ಒಪ್ಪ.

ಹಳಗನ್ನಡದಲ್ಲೇ ಇದೆ. ಒಪ್ಪವಿಟ್ಟ ಚಿನ್ನ, ಒಪ್ಪವಿಟ್ಟ ಕನ್ನಡಿ. ನಾವು ದಿನಾ ಆಡುವ 'ಒಪ್ಪ ಓರಣ'ದಲ್ಲಿ ಇರುವುದೂ ಅದೇ. 'ಒಪ್ಪು' ಅನ್ನುವುದಕ್ಕೆ ತಕ್ಕುದಾಗಿ ಕಾಣು, ಚೆಂದ ಕಾಣು ಎಂಬ ಅರ್ಥ ಇನ್ನೂ ಬದುಕಿದೆ. 'ಈ ಸೀರೆ ನಿನಗೆ ಒಪ್ಪುತ್ತೆ' ಅನ್ನುವುದಿಲ್ಲವೇ? 'ಮೊದಲಿನ ಒಪ್ಪ' ಅಂತ ಬರೆಯಿರಿ. ಚರ್ಚೆ ಬೇಕಿಲ್ಲ.

– ನಂ.

* * *

ಮರು: ಮರು: ಲೋಹದ 'ಫಿನಿಶ್'

> 'ಮೊದಲಿನ ಒಪ್ಪ' ಅಂತ ಬರೆಯಿರಿ.

ಬೇಡಿ ಮೇಷ್ಟ್ರೇ. ಒಪ್ಪ ಅಂದರೆ ತಿಕ್ಕಿ ಮೆರುಗು ಬರಿಸುವುದು. ಹಳೇ ಎಂಜಿನ್ ಕೆಲಸದಲ್ಲಿ ಎಲ್ಲರೂ ಮಾಡುವ ದೊಡ್ಡ ತಪ್ಪೇ ಅದು, ಸಿಕ್ಕಿದ್ದಕ್ಕೆಲ್ಲ ಪಾಲಿಶ್ ಹೊಡೆಯುವುದು.

ಸೌ. ಅವರು ಹೇಳಿರುವ ಎಂಜಿನ್ನನ್ನೇ ತಗೊಳ್ಳಿ. ಎಂಜಿನ್ನಿನ ನೆತ್ತಿ ಮುಚ್ಚುವ ಎರಡು ಕ್ಯಾಮ್ ಕವರ್ ಕನ್ನಡಿ ಹಾಗೆ ಹೊಳೆಯಬೇಕು, ಸರಿ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ಮೇಲೆ ನಿಂತಿರುವ ಗುಮ್ಮಟಗಳೂ ಹೊಳೆಯಬೇಕು. ಅದರ ಕೆಳಗಿನ ಒಡಲು ಮಾತ್ರ ಹೊಳೆಯಬಾರದು, ಎರಕದಿಂದ ಹೇಗೆ ಬಂತೋ ಹಾಗೆ ಮಬ್ಬಾಗಿ ಇರಬೇಕು. ಸಿಲಿಂಡರ್ ಹೆಡ್ಡಿಗೆ ಹೊಂಬಣ್ಣದ ಪೇಂಟ್. ಹೊಗೆ ಹೋಗುವ ಮ್ಯಾನಿಫೋಲ್ಡಿಗೆ ಕಪ್ಪು ಎನಾಮಲ್. ಬೋಲ್ಟು, ಕ್ಲಿಪ್ಪುಗಳಿಗೆ ಪ್ಲೇಟಿಂಗ್, ಅಂದರೆ ಬೇರೆ ಲೋಹದ ತೆಳು ಪದರ. ಇಷ್ಟೂ ಸೇರಿ 'ಫಿನಿಶ್'. ಇದನ್ನೆಲ್ಲ ಒಪ್ಪ ಅಂದುಬಿಟ್ಟರೆ ಓದಿದವರು ಎಲ್ಲವೂ ಫಳಫಳ ಅಂದುಕೊಳ್ಳುತ್ತಾರೆ. ಹಾಗೆ ಮಾಡಿದ ಎಂಜಿನ್ನನ್ನು ತಿಳಿದವರು ನೋಡಿದರೆ ಮೂಗು ಮುರಿಯುತ್ತಾರೆ.

– ಗು. (ಲೋಹದ ಕೆಲಸದವನು)

* * *

ಮರು: ಲೋಹದ 'ಫಿನಿಶ್'

'ಲೇಪ' ಎಂಬ ಸರಳ ಪದವಿರುವಾಗ ಇಷ್ಟು ಕಷ್ಟವೇಕೆ? ಮೂಲ ಲೇಪ, ಸತುವಿನ ಲೇಪ, ಬಣ್ಣದ ಲೇಪ. ಎಲ್ಲದಕ್ಕೂ ಹೊಂದುತ್ತದೆ, ಎಲ್ಲರಿಗೂ ತಿಳಿಯುತ್ತದೆ.

– ವೆಂ.

* * *

ಮರು: ಮರು: ಲೋಹದ 'ಫಿನಿಶ್'

ಮತ್ತೆ ಸಂಸ್ಕೃತ. ಬಳಿಯುವುದಕ್ಕೆ ಕನ್ನಡದಲ್ಲಿ 'ಪೂಸು' ಇದೆ. ಬೇಕಾದವರು ತೆಗೆದು ನೋಡಿಕೊಳ್ಳಲಿ. 'ಪೂಸಿಕೆ' ಅನ್ನಿ.

– ನಂ.

* * *

ಮರು: ಮರು: ಮರು: ಲೋಹದ 'ಫಿನಿಶ್'

> 'ಪೂಸಿಕೆ' ಅನ್ನಿ.

ಮೇಷ್ಟ್ರೇ, ಪಕಾರ ಹೊಸಗನ್ನಡದಲ್ಲಿ ಏನಾಗುತ್ತದೆ ಅಂತ ನಿಮಗೆ ನಾನು ಹೇಳಿಕೊಡಬೇಕೇ? ಪಾಲು ಹಾಲಾಯಿತು, ಪೂವು ಹೂವಾಯಿತು. ಪೂಸು ಏನಾಗುತ್ತದೆ ಅಂತ ಒಂದು ಸಲ ಜೋರಾಗಿ ಹೇಳಿ ನೋಡಿ. ಮಕ್ಕಳು ಬರುವ ಪ್ರದರ್ಶನ ಅದು.

– ವೆಂ.

* * *

ಮರು: ಲೋಹದ 'ಫಿನಿಶ್'

ನಕ್ಕು ಸಾಕಾಯಿತು. ಆದರೆ ವೆಂ. ಸರ್, ನಿಮ್ಮ ಲೇಪವೂ ಪೂರ್ತಿ ನಿಲ್ಲುವುದಿಲ್ಲ. ಲೇಪ ಅಂದರೆ ಹೊರಗಿನದೊಂದನ್ನು ತಂದು ಮೇಲೆ ಹಚ್ಚಿದ್ದು, ಅಲ್ವಾ? ಪೇಂಟಿಗೆ, ಪ್ಲೇಟಿಂಗಿಗೆ ಸರಿ. ಆದರೆ ಅಲ್ಯುಮಿನಿಯಮ್ಮನ್ನು ಆಮ್ಲದಲ್ಲಿ ಮುಳುಗಿಸಿ ಕರೆಂಟು ಹಾಯಿಸಿದಾಗ ಬರುವ ಪದರ ಹೊರಗಿನಿಂದ ಬಂದದ್ದಲ್ಲ. ಆ ಲೋಹವೇ ಆಕ್ಸೈಡ್ ಆಗಿ ಬೆಳೆದದ್ದು, ಸ್ವಲ್ಪ ಒಳಕ್ಕೆ, ಸ್ವಲ್ಪ ಹೊರಕ್ಕೆ. ಕುದಿಯುವ ಕ್ಷಾರದಲ್ಲಿ ಅದ್ದಿ ಕಪ್ಪು ಮಾಡಿದ ಉಕ್ಕಿನ ಬೋಲ್ಟೂ ಹಾಗೇ, ಆ ಕಪ್ಪು ಕಬ್ಬಿಣದ್ದೇ ಆಕ್ಸೈಡು. ಅದನ್ನು ಯಾರೂ ಹಚ್ಚಿಲ್ಲ.

ಇನ್ನು ಎರಕದ ಮೈ ಇದೆಯಲ್ಲ, ಅದರ ಮೇಲೆ ಏನೂ ಇಲ್ಲ. ಅದನ್ನು ಮರಳಿ ತರುವುದೇ ಎಲ್ಲಕ್ಕಿಂತ ನಾಜೂಕಿನ ಕೆಲಸ. ಒಣ ಮರಳು ಹಾರಿಸಿದರೆ ಮೇಲಿನ ತೆಳು ಸಿಪ್ಪೆ ಕಿತ್ತುಹೋಗಿ ಸುಣ್ಣದ ಗೋಡೆ ಹಾಗೆ ಬಿಳಿಚಿಕೊಳ್ಳುತ್ತದೆ. ಎಣ್ಣೆ ಕೈಯಲ್ಲಿ ಮುಟ್ಟಿದರೆ ಬೆರಳಚ್ಚು ಹೀರಿಕೊಂಡು ಕಪ್ಪಗೆ ಉಳಿಯುತ್ತದೆ. ನೀರಿನ ಜೊತೆ ಸಣ್ಣ ಗಾಜಿನ ಮಣಿ ಸೇರಿಸಿ ಹಾಯಿಸಿದರೆ ನೀರು ಏಟನ್ನು ಮೆತ್ತಗೆ ಮಾಡುತ್ತದೆ. ಕೊಳೆ ಹೋಗುತ್ತದೆ, ಮೈ ಉಳಿಯುತ್ತದೆ, ರೇಷ್ಮೆಯಂಥ ಮಬ್ಬು ಬರುತ್ತದೆ. ಆಮೇಲೆ ಎಣ್ಣೆ ಹರಿಯುವ ತೂತುಗಳನ್ನೆಲ್ಲ ತೊಳೆದೂ ತೊಳೆದೂ ಮಣಿ ತೆಗೆಯಬೇಕು. ಒಂದು ಹಿಡಿ ಮಣಿ ಒಳಗೆ ಉಳಿದರೂ ಬೇರಿಂಗಿನ ಕಥೆ ಮುಗಿಯಿತು.

ಹಾಗಾಗಿ ನನ್ನ ಓಟು 'ಮೈ'ಗೆ. ನಾನು ಮೇಲೆ ಎರಡು ಸಲ ಬಳಸಿದ್ದೇನೆ, ಯಾರಿಗಾದರೂ ಅಡ್ಡ ಬಂತಾ?

– ಗು.

* * *

ಮರು: ಮರು: ಲೋಹದ 'ಫಿನಿಶ್'

'ಮೈ' ಪರವಾಗಿಲ್ಲ. ಆದರೆ ನಿಮ್ಮ ಓಲೆ ತುಂಬ ಪೇಂಟು, ಪ್ಲೇಟಿಂಗು, ಪಾಲಿಶು. ಎರಕ, ಬೆಸುಗೆ, ತಗಡು, ಅರ, ಕಿಲುಬು, ತುಕ್ಕು ಎಲ್ಲ ನಮ್ಮವೇ ಪದಗಳು. ಲೋಹ ಕರಗಿಸಲು ಬಲ್ಲವರಿಗೆ ಹೆಸರಿಡಲು ಬರಲಿಲ್ಲವೇ? ಕಸುಬಿನವರೇ ಕನ್ನಡ ಬಿಟ್ಟರೆ ಉಳಿಸುವವರು ಯಾರು?

– ನಂ.

* * *

ಮರು: ಮರು: ಮರು: ಲೋಹದ 'ಫಿನಿಶ್'

ಕಸುಬಿನವರು ಯಾವತ್ತೂ ಕೆಲಸದ ಜೊತೆಗೇ ಪದ ತಂದವರು. ಪಾತ್ರೆಗೆ 'ಕಲಾಯಿ' ಹಾಕಿಸುತ್ತೇವೆ, ಅದು ಅರಬ್ಬಿಯಿಂದ ಬಂದದ್ದು. 'ಗಿಲೀಟು' ಒಡವೆ ಇಂಗ್ಲಿಷಿನದು. ಎರಡನ್ನೂ ಪರಕೀಯ ಅಂತ ಯಾರೂ ಮುಟ್ಟದೆ ಬಿಟ್ಟಿಲ್ಲ. ಇನ್ನು 'ಲೋಹ'ವೇ ಸಂಸ್ಕೃತ. ಅದನ್ನು ಬಿಟ್ಟು ಮುಂದಿನ ಓಲೆ ಬರೆಯಿರಿ, ನೋಡೋಣ.

– ವೆಂ.

* * *

ಮರು: ಕಲಾಯಿ (ವಿಷಯ ಬದಲಾಗಿದೆ)

'ಚಿನ್ನದ ನೀರು ಕುಡಿಸುವುದು' ಎಂಬ ಮಾತು ಕೇಳಿಲ್ಲವೇ? ಪ್ಲೇಟಿಂಗಿಗೆ ಇದಕ್ಕಿಂತ ಸೊಗಸಾದ ಪದ ಯಾವ ನುಡಿಯಲ್ಲಿದೆ? 'ಸತುವಿನ ನೀರು ಕುಡಿಸಿದ ಬೋಲ್ಟು' ಅನ್ನಿ. ಎಂಜಿನ್ನಿಗೆ 'ಬಿಣಿಗೆ' ಅಂತ ಬರೆಯುವವರೂ ಇದ್ದಾರೆ, ಅವರೇನೂ ಸತ್ತಿಲ್ಲ.

– ನಂ.

* * *

ಮರು: ಮರು: ಕಲಾಯಿ

ನೀರು ಕುಡಿಸುವುದು ಚೆನ್ನಾಗಿದೆ ಮೇಷ್ಟ್ರೇ, ತಮಾಷೆ ಅಲ್ಲ. ದ್ರಾವಣದಲ್ಲಿ ನೇತುಹಾಕಿ ಪದರ ಕೂರಿಸುವ ಕೆಲಸಕ್ಕೆ ಸರಿಯಾಗಿ ಕೂರುತ್ತದೆ. ಒಂದೇ ತೊಂದರೆ. ಇಲ್ಲಿ ಎರಡು ನೀರು. ಮೊದಲು ಸತು ಅಥವಾ ಕ್ಯಾಡ್ಮಿಯಂ, ಅದರ ಮೇಲೆ ಕ್ರೋಮೇಟಿನಲ್ಲಿ (ಕ್ರೋಮಿಯಂ ಉಪ್ಪಿನ ದ್ರಾವಣ) ಒಂದು ಅದ್ದು. ಹಳೇ ಬೋಲ್ಟು ಕೈಯಲ್ಲಿ ತಿರುಗಿಸಿದರೆ ಹಳದಿಯಲ್ಲಿ ಹಸಿರು, ಗುಲಾಬಿ ಛಾಯೆ ಓಡಾಡುತ್ತದಲ್ಲ, ಅದು ಈ ಎರಡನೇ ಅದ್ದಿನದು. ಈಗ ಆ ಹಳೇ ಕ್ರೋಮೇಟಿಗೆ, ಕ್ಯಾಡ್ಮಿಯಂಗೆ ವಿಷ ಅಂತ ಬಹಳ ಕಡೆ ಕಡಿವಾಣ ಹಾಕಿದ್ದಾರೆ. ಹೊಸ ಬಗೆಯದು ತಾನಾಗಿ ತೆಳು ನೀಲಿ ಬರುತ್ತದೆ, ಹಳದಿ ಬೇಕೆಂದರೆ ಬಣ್ಣ ಬೆರೆಸಬೇಕು. ಹಳದಿಯೇನೋ ಬರುತ್ತದೆ, ಆ ಓಡಾಟ ಅಷ್ಟು ಬರುವುದಿಲ್ಲ. ಫಲಕದಲ್ಲಿ 'ಕ್ಯಾಡ್ಮಿಯಂ' ಅಂತ ಬರೆಯುವ ಮುಂಚೆ ನಿಜವಾಗಿ ಯಾವುದು ಹಾಕಿದ್ದಾರೆ ಅಂತ ಕೇಳಿಕೊಳ್ಳಮ್ಮಾ.

– ಗು.

* * *

ಮರು: ಲೋಹದ 'ಫಿನಿಶ್' (ಇನ್ನೂ ತುರ್ತು!)

ಕೇಳಿದೆ ಗು. ಅಣ್ಣ. ಹಾಕಿರುವುದು ಸತುವೇ. ಈಗಿನ ಕರಡು ಇದು:

"ಈ ಎಂಜಿನ್ನಿನ ಪ್ರತಿ ಭಾಗಕ್ಕೂ ಕಾರ್ಖಾನೆಯಲ್ಲಿದ್ದ ಮೇಲ್ಮೈ ಮರಳಿ ಬಂದಿದೆ. ಕ್ಯಾಮ್ ಕವರುಗಳು ಪಾಲಿಶ್ ಮಾಡಿದ ಅಲ್ಯುಮಿನಿಯಂ. ಕಾರ್ಬುರೇಟರಿನ ಒಡಲು ಎರಕದ ಮೈ. ಸಿಲಿಂಡರ್ ಹೆಡ್ಡಿಗೆ ಹೊಂಬಣ್ಣ. ಮ್ಯಾನಿಫೋಲ್ಡಿಗೆ ಕಪ್ಪು ದಂತಕವಚ. ಬೋಲ್ಟುಗಳಿಗೆ ಸತುವಿನ ಲೇಪ."

'ಮೇಲ್ಮೈ' ಶಾಲೆಯ ಪುಸ್ತಕದಲ್ಲೇ ಇದೆ, ಮಕ್ಕಳಿಗೂ ಗೊತ್ತು. ಮೊದಲ ಸಾಲಿಗೆ ಅದು, ಮುಂದೆ ಬರೀ 'ಮೈ'. ನೀರು ಕುಡಿಸುವುದು ನನಗೂ ಇಷ್ಟವೇ. ಆದರೆ ಎಂಜಿನ್ ಪಕ್ಕದಲ್ಲಿ ನೀರು ಅಂದರೆ ರೇಡಿಯೇಟರ್ ಅಂದುಕೊಳ್ಳುತ್ತಾರೆ.

– ಸೌ.

* * *

ಮರು: ಮರು: ಲೋಹದ 'ಫಿನಿಶ್'

ದಂತಕವಚವೇ? ಮ್ಯಾನಿಫೋಲ್ಡಿಗೆ ಹಲ್ಲು ಬಂದಿದೆಯೇ? ಯಂತ್ರಾನುವಾದದ ಕೂಸು ಅದು, ತಕ್ಷಣ ತೆಗೆಯಿರಿ.

– ವೆಂ.

* * *

ಮರು: ಮರು: ಮರು: ಲೋಹದ 'ಫಿನಿಶ್'

ಇಲ್ಲಿ ಎನಾಮಲ್ ಅಂದರೆ ಗಾಜಿನ ಪುಡಿಯನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕಬ್ಬಿಣದ ಮೇಲೆ ಕರಗಿಸಿ ಕೂರಿಸುವುದು. ಪೇಂಟ್ ಆಗಿದ್ದರೆ ಹೊಗೆಯ ಬಿಸಿಗೆ ಸುಟ್ಟುಹೋಗುತ್ತಿತ್ತು. 'ಕಪ್ಪು ಗಾಜಿನ ಪದರ' ಅನ್ನಿ. 'ಎನಾಮಲ್' ಅಂದರೆ ಡಬ್ಬದ ಪೇಂಟ್ ಅಂತ ಓದಿಕೊಳ್ಳುತ್ತಾರೆ.

– ಗು.

* * *

ಮರು: ಲೋಹದ 'ಫಿನಿಶ್' (ಮುಗಿಯಿತು)

'ಕಪ್ಪು ಗಾಜಿನ ಪದರ' ಅಂತ ತಿದ್ದಿ ಕಳಿಸಿದ್ದೇನೆ. ಎಲ್ಲರಿಗೂ ಧನ್ಯವಾದ.

– ಸೌ.

* * *

ಮರು: ಲೋಹದ 'ಫಿನಿಶ್' (ಮುಗಿಯಿತು)

'ಪಾಲಿಶ್' ಹಾಗೇ ಉಳಿದಿದೆ. ಅಲ್ಲಿಗಾದರೂ 'ಒಪ್ಪವಿಟ್ಟ' ಅನ್ನಬಹುದಿತ್ತು, ಗು. ಅವರೇ ಒಪ್ಪಿದ್ದ ಅರ್ಥ ಅದು. ನನ್ನ ತಕರಾರು ಇರಲಿ.

– ನಂ.