ಕಳೆ, ಕಸ, ಸದಿ: ಹಾಯ್ಕುದಾಗ ಯಾವ್ದು ಕೂಡ್ರತೈತಿ?

ಬಳಗದ ಎಲ್ಲಾರಿಗೂ ನಮಸ್ಕಾರ್ರಿ. ಒಂದು ಪದದ ಬಗ್ಗೆ ಕೇಳೂದೈತಿ. ಸ್ವಲ್ಪ ಉದ್ದ ಆಗತೈತಿ, ಪುರಸೊತ್ತು ಮಾಡ್ಕೊಂಡು ಓದ್ರಿ.

ನಾ ಇರೂದು ಧಾರವಾಡದಾಗ, ಮೂಲ ಗದಗ ತಾಲೂಕಿನ ಒಂದ್ ಹಳ್ಳಿ. ಈಗೀಗ ಹಾಯ್ಕು, ಅಂದ್ರ 5-7-5 ಅಳತಿಯ ಮೂರ್ ಸಾಲಿನ ಜಪಾನಿ ಥರದ ಕವಿತಾ, ಬರಿಯಾಕ ಹತ್ತೀನಿ, ಅದೂ ಬರೇ ರಸ್ತೆ ಬಾಜೂ, ಗಟಾರದ ದಂಡಿ, ಹೊಲದ ಬದು, ಕಂಪೌಂಡ್ ಗ್ವಾಡಿ ಸಂದಿ ಇಂಥಾ ಕಡೆ ಯಾರೂ ನೀರ್ ಹಾಕಲಾರದ ತಾವ ಹುಟ್ಟಿ ತಾವ ಅರಳೂ ಗಿಡಗಳ ಮ್ಯಾಲ. ಗುಲಾಬಿ ಮಲ್ಲಿಗಿ ಬಗ್ಗೆ ಬರ್ದವ್ರು ಬಾಳ ಮಂದಿ ಅದಾರ, ಇವುಗಳ ಕಡೆ ಹೊಳ್ಳಿ ನೋಡ್ದವ್ರು ಕಡಿಮಿ. ಅದಕ್ಕ ಬರೀಬೇಕನಸ್ತು. ಸಿಕ್ಕೊಂಡಿದ್ದು ಈ ಮೂರ್ ಸಾಲಿನ್ಯಾಗ:

ಕಸ ತಗ್ಯಾಕಿ
ಕುರ್ಪಿ ಸರಿಸಿ ಬಿಟ್ಳು
ತುಂಬಿ ಹೂವೊಂದ

ನಮ್ಮ ಕಡೆ ಓದಿದವ್ರಿಗೆ ಇದು ತಟ್ಟನ ಗೊತ್ತಾತು. ಹೊಲದಾಗ ಹೆಣ್ಮಕ್ಕಳು ಸಾಲ್ ಹಿಡದು ಕುಂತು ಕಸಾ ತಗಿಯಾಕತ್ತಿದ್ರ ಅದರಾಗ ಒಬ್ಬಾಕಿ ತುಂಬಿ ಗಿಡ ಬಿಟ್ಟು ಮುಂದ ಸರದ್ಲು, ಇಷ್ಟ. ಆದ್ರ ಬೆಂಗಳೂರಿನ ಗೆಳತಿಗೆ ಕಳಸಿದಾಗ ಆಕಿ ಕೇಳಿದ್ದು, ರಸ್ತೆ ಗುಡಿಸೋ ಪೌರಕಾರ್ಮಿಕರ ಬಗ್ಗೆನಾ ಅಂತ. ಆಕಿ ಓದಿದ್ದೂ ಸುಳ್ಳಲ್ಲ, ಕಸ ಅಂದ್ರ ಅವ್ರಿಗೆ ಕಸದ ಡಬ್ಬಿ, ಕಸ ಗುಡಿಸೂದು. ನಮಗೂ ಮನ್ಯಾಗ ಅದ ಅರ್ಥ, ಹೊಲಕ್ಕ ಹೋದ್ರ ಅದ ಪದ ಬ್ಯಾರೆ ಆಗತೈತಿ. "ಕಸ ಬಾಳ ಬಿದ್ದೈತಿ", "ಕಸದಾಗ ಶೇಂಗಾ ಕಾಣವಲ್ದು" ಅಂದ್ರ ಯಾರೂ ಕಸಬರಿಗಿ ನೆನಸೂದಿಲ್ಲ.

ಹಂಗಾರ ಮೊದಲ ಸಾಲು "ಕಳೆ ಕೀಳಾಕಿ" ಅಂತ ಮಾಡಿದ್ರ? ಅಕ್ಷರ ಎರಡರಾಗೂ ಐದ, ಮಾತ್ರೆ ಎಣಿಸಿದ್ರ ಎರಡರಾಗೂ ಏಳ. ಅಳತಿ ಕಡೆಯಿಂದ ಯಾವ ತಂಟೆನೂ ಇಲ್ಲ. ಆದ್ರ ಗದಗ, ರೋಣ, ಮುಂಡರಗಿ ಕಡೆ ಹೊಲದಾಗ ಕುಂತ ಹೆಣ್ಮಗಳ ಬಾಯಾಗ "ಕಳೆ ಕೀಳೂದು" ಅಂತ ನಾ ಕೇಳಿಲ್ಲ, ಕೇಳಿದ್ದು "ಕಸಾ ತಗಿಯೂದು". ಕಳೆ ಅನ್ನೂದು ನಮಗ ಶಾಲಿ ಪುಸ್ತಕ, ಕೃಷಿ ಇಲಾಖೆ ಕರಪತ್ರ, ಔಷಧ ಅಂಗಡಿ ಬೋರ್ಡಿನಿಂದ ಬಂದಿದ್ದು, ಕಳೆನಾಶಕ ಅಂತ. ನಮ್ಮ ಮಾತಿನ್ಯಾಗ ಬರೀತೀನಿ ಅಂತ ಹೊಂಟು ಹೂವಿನ ಹಂತ್ಯಾಕ ಬಂದಾಗ ಕರಪತ್ರದ ಪದ ಹಾಕೂದು ಮನಸಿಗೆ ಒಗ್ಗವಲ್ದು. ಸಾಧನಕೇರಿಯಾಗ ಕುಂತು ಬೇಂದ್ರೆ ಅಜ್ಜಾರು ಈ ಧಾರವಾಡ ಮಾತನ್ನ ಕವಿತಾ ಮಾಡಿ ತೋರಿಸಿದ ಊರಾಗ ಇದ್ದು ನಾವು ಹಂಗ ಮಾಡಿದ್ರ ಹೆಂಗ?

ಆದ್ರೂ ಕಳೆ ಪದ ಬಿಟ್ಟಬಿಡಾಕೂ ಮನಸ್ಸಿಲ್ಲ, ಯಾಕಂದ್ರ ಅದರಾಗ ಒಂದ್ ಆಸ್ತಿ ಐತಿ. ಬರಹದ ಕನ್ನಡದಾಗ ಹೊಲದ ಕಳೆನೂ ಕಳೆನ, ಮುಖದ ಕಳೆನೂ ಕಳೆನ. ಹುಟ್ಟು ಬ್ಯಾರೆ ಬ್ಯಾರೆ. ಹೊಲದ ಕಳೆ ದ್ರಾವಿಡದ್ದು, ತಮಿಳಿನ್ಯಾಗ ಕಳೈ ಅಂತಾರ, "ಕಳೆ" ಅನ್ನೂ ಕ್ರಿಯಾಪದ, ಅಂದ್ರ ತಗದು ಹಾಕು ಅನ್ನೂದು, ಅದಕ್ಕ ಹತ್ತಿದ್ದು. ತಗದು ಹಾಕಬೇಕಾದ್ದು ಯಾವ್ದೋ ಅದ ಕಳೆ. ಗಿಡದ ಬಗ್ಗೆ ಆ ಹೆಸರು ಏನೂ ಹೇಳೂದಿಲ್ಲ, ನಮ್ಮ ಕೈ ಏನ್ ಮಾಡತೈತಿ ಅಂತಷ್ಟ ಹೇಳತೈತಿ. ಮುಖದ ಕಳೆ ಸಂಸ್ಕೃತದ ಕಲಾ, ಚಂದ್ರನ ಕಲೆ ಅಂತಾರಲ್ಲ ಅದು. ಎರಡೂ ಎಲ್ಲೆಲ್ಲಿಂದನೋ ಬಂದು ಒಂದ ಅಕ್ಷರದಾಗ ಕೂಡ್ಯಾವ, ಮೂರ್ ಸಾಲಿನ ಹಾಯ್ಕುಕ್ಕ ಇದಕ್ಕಿಂತ ಹೆಚ್ಚಿಂದು ಏನ್ ಬೇಕು.

ತೊಡಕು ಏನಂದ್ರ ನಮ್ಮ ಆಡುಮಾತಿನ್ಯಾಗ ಈ ಕೂಟ ಆಗೂದ ಇಲ್ಲ. ನಾವು "ಮಾರಿ ಮ್ಯಾಲ ಕಳಾ ಬಂತು", "ಮನಿಗೆ ಕಳಾ ಬಂತು" ಅಂತೀವಿ, ಕಳೆ ಅನ್ನೂದಿಲ್ಲ. ಆ ಕಡೆ ಹೊಲದ್ದು ಕಸ. ಕಳಾ ಒಂದ್ ಕಡೆ, ಕಸ ಒಂದ್ ಕಡೆ. ಹಾವೇರಿ, ಹಾನಗಲ್, ಹಿರೇಕೆರೂರು ಕಡೆಯವ್ರು ಯಾರರ ಇದ್ರ ಹೇಳ್ರಿ, ನಿಮ್ಮಲ್ಲಿ ಕಳೆ ಅನ್ನೂದು ಹೊಲದ ಮಾತಿನ್ಯಾಗ ಐತೇನು? ಮತ್ತ ಸದಿ ಅನ್ನೂ ಪದ ಐತಲ್ಲ, ಸದೆ ಅಂತ ಬರೀತಾರ, ನಮ್ಮ ಮ್ಯಾಲಿನ ಜಿಲ್ಲಾದಿಂದ ಲಗ್ನ ಆಗಿ ಬಂದ ಹೆಣ್ಮಕ್ಕಳು "ಸದಿ ತಗ್ಯಾಕ ಹೋಗಿದ್ವಿ" ಅನ್ನೂದು ಕೇಳೀನಿ. ಅದು ಕಸಕ್ಕ ಪೂರಾ ಸಮನೋ, ಇಲ್ಲಾ ಬರೇ ಒಣಗಿದ್ದಕ್ಕ, ಕಿತ್ತು ಒಗದಿದ್ದಕ್ಕ ಅಷ್ಟ ಅಂತಾರೋ?

ಜಪಾನಿನ ಕಡೆ ಹ್ಯಾಂಗೈತಿ ಅಂತ ನೋಡಿದ್ರ ನಮಗ ಒಂದ್ ದಾರಿ ಸಿಗತೈತಿ ಅನಸತೈತಿ. ಬಾಶೋ (1644–1694) ಬೇಲಿ ಬುಡದಾಗಿನ ನಜುನಾ ಅನ್ನೂ ಗಿಡದ ಮ್ಯಾಲ ಬರದಿದ್ದು ಬಾಳ ಮಂದಿಗೆ ಗೊತ್ತಿರತೈತಿ. ಯೊಕು ಮಿರೆಬ, ನಜುನ ಹನ ಸಕು, ಕಕಿನೆ ಕನ. ಚಲೋತ್ನಾಗಿ ನೋಡಿದ್ರ ಬೇಲಿ ಹಂತ್ಯಾಕ ನಜುನಾ ಹೂ ಬಿಟ್ಟೈತಿ, ಅಷ್ಟ ಐತಿ ಅದರಾಗ. ನಜುನಾ ಅಂದ್ರ ಸಾಸಿವಿ ಕುಲದ ಸಣ್ಣ ಬಿಳಿ ಹೂವಿನ ಗಿಡ, ನಾಕ ಎಸಳು, ಹೃದಯದ ಆಕಾರದ ಚಪ್ಪಟ ಕಾಯಿ. ಎಲ್ಲಿ ಬೇಕಲ್ಲಿ ಬೆಳಿತೈತಿ, ಯಾರೂ ಬಿತ್ತೂದಿಲ್ಲ. ಅವ್ರ ಭಾಷಾದಾಗೂ ಇಂಥಾವುಕ್ಕೆಲ್ಲಾ ಸೇರಿ ಝಸ್ಸೋ ಅಂತ ಒಂದ್ ಪದ ಐತಿ, ಬಾಶೋ ಅದನ್ನ ಹಾಕ್ಲಿಲ್ಲ, ಗಿಡದ ಹೆಸರ ಹಾಕಿದ. ಹೆಸರು ಬಂದ ಕೂಡ್ಲೆ ಅದು ಕಸ ಆಗಿ ಉಳಿಯೂದಿಲ್ಲ.

ಅಷ್ಟ ಅಲ್ಲ, ನಜುನಾಕ್ಕ ಅವ್ರ ಋತುಪದಗಳ, ಅಂದ್ರ ಹಾಯ್ಕುದಾಗ ಋತು ಯಾವ್ದಂತ ತಿಳಸೂ ಪದಗಳ, ಕೋಶದಾಗ ಜಾಗಾನೂ ಐತಿ. ಬರೇ ನಜುನಾ ಅಂದ್ರ ಹೊಸವರ್ಷ, ನಜುನಾ ಹೂ ಅಂದ್ರ ವಸಂತ. ಹೊಸವರ್ಷ ಯಾಕಂದ್ರ ಜನವರಿ 7ಕ್ಕ ಏಳು ಥರದ ಎಳೆ ಸೊಪ್ಪು ಹಾಕಿ ಗಂಜಿ ಮಾಡಿ ಉಣ್ಣೂ ಪದ್ಧತಿ ಐತಿ ಅಲ್ಲಿ, ನಜುನಾ ಅದರಾಗ ಒಂದು. ಇದನ್ನ ಓದಿದಾಗ ನನಗ ಹಕ್ಕರಕಿ ಕಣ್ಣಮುಂದ ಬಂತು. ಚಳಿಗಾಲದಾಗ ಎರಿ ಹೊಲದಾಗ ತಾನ ಹುಟ್ಟತೈತಿ, ಕಿತ್ತು ತೊಳದು ಹಸೀದ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಜೋಡಿ ತಿಂತೀವಿ. ಎಳ್ಳಮಾಸಿ ಚರಗಾ ಚೆಲ್ಲಾಕ ಹೋದಾಗ ಬುತ್ತಿ ಬಾಜೂಕ ಹಕ್ಕರಕಿ ಇಲ್ಲಂದ್ರ ಊಟ ಊಟ ಅನಸೂದಿಲ್ಲ. ಹಂಗಾರ ಹಕ್ಕರಕಿ ಅಂತ ಒಂದ ಪದ ಹಾಕಿದ್ರ ನಮ್ಮ ಓದುಗರಿಗೆ ಎಳ್ಳಮಾಸಿ ಬಿಸಲು, ಜ್ವಾಳದ ತೆನಿ, ಎಲ್ಲಾ ಬರಬೇಕಲ್ಲ? ನನಗ ಬರತಾವ. ಬೆಳಗಾವಿ, ಬಾಗಲಕೋಟಿ ಕಡೆಯವ್ರಿಗೆ ಏನ್ ಬರತೈತಿ, ಹೇಳ್ರಿ.

ಋತುಪದ ಅಂದ್ರ ನಮ್ಮ ರೈತರ ಮಳಿ ಹೆಸರಕ್ಕಿಂತ ದೊಡ್ಡ ಕೋಶ ಯಾವ್ದೈತಿ? ಮಿರಗ, ಆರಿದ್ರಿ, ಹುಬ್ಬಿ, ಉತ್ತರಿ, ಹಸ್ತಿ, ಚಿತ್ತಿ, ಸ್ವಾತಿ, ಒಂದೊಂದೂ ಹದಿಮೂರು ಹದಿನಾಕು ದಿವಸದ್ದು. ವಸಂತ ಗ್ರೀಷ್ಮ ಅಂತ ಎರಡೆರಡು ತಿಂಗಳ ದೊಡ್ಡ ಚೀಲ ಹಿಡ್ಕೊಂಡು ಕುಂಡ್ರೂ ಬದ್ಲಿ, ಮಿರಗ ಅಂದ್ರ ಜೂನ್ 7–8ರ ಮುಂದಿನ ಆ ಹಸಿ ಮಣ್ಣಿನ ದಿವಸ, ಹಸ್ತಿ ಅಂದ್ರ ಸೆಪ್ಟೆಂಬರ್ ಕೊನಿ ಅಂತ ನೆಟ್ಟಗ ಹೇಳಬಹುದು. ಮಿರಗಕ್ಕ ಮೊಳಕಿ, ಉತ್ತರಿ ಹೊತ್ತಿಗೆ ಬದುವಿನ ತುಂಬ ತುಂಬಿ ಹೂ. ಗಬ್ಬು ಶಾವಂತಿ ಮಾತ್ರ ಈ ಲೆಕ್ಕದಾಗ ಬರೂದಿಲ್ಲ, ಅದು ವರ್ಷಪೂರ್ತಿ ಅರಳತೈತಿ.

ಗಬ್ಬು ಶಾವಂತಿ ಅಂದೆ, ಅದರ ಬಗ್ಗೆ ಹೇಳಲೇಬೇಕು. ಧಾರವಾಡದಾಗ ಯಾವ ಫುಟ್‌ಪಾತಿನ ಬಿರುಕು ನೋಡಿದ್ರೂ ಐತಿ. ಸಸ್ಯಶಾಸ್ತ್ರದಾಗ ಟ್ರೈಡಾಕ್ಸ್, ಅಮೆರಿಕಾ ಖಂಡದ ಉಷ್ಣ ಪ್ರದೇಶದಿಂದ ಬಂದಿದ್ದು. ಗೇಣುದ್ದ ರೋಮದ ದಂಟು, ತುದಿಗೆ ಒಂದ ಹೂ, ನಡುವ ಹಳದಿ, ಸುತ್ತ ಐದಾರ ತೆಳ್ಳನ ಕೆನೆ ಬಣ್ಣದ ಎಸಳು, ಒಂದೊಂದ ಎಸಳಿನ ತುದಿಗೂ ಹಲ್ಲಿನಂಗ ಮೂರ್ ಸೀಳು. ಆ ಮೂರ್ ಹಲ್ಲು ಕಾಣಬೇಕಂದ್ರ ಮೊಣಕಾಲ್ ಊರಿ ಕೂಡಬೇಕು, ನಿಂತವ್ರಿಗೆ ಕಾಣೂದಿಲ್ಲ. ಹಳ್ಳ್ಯಾಗ ಕುಡಗೋಲು ತಾಗಿದ್ರ ಇದರ ತಪ್ಪಲ ತಿಕ್ಕಿ ರಸ ಹಿಂಡೂದು. ಇಷ್ಟೆಲ್ಲಾ ಕೊಟ್ಟಿದ್ದಕ್ಕ ನಾವಿಟ್ಟ ಹೆಸರು ಗಬ್ಬು.

ಗಟಾರ ದಂಡಿ
ಗಬ್ಬು ಶಾವಂತಿ ಮ್ಯಾಲ
ಪಾತರಗಿತ್ತಿ

ಇದು ನನ್ನ ಎರಡನೇ ಪ್ರಶ್ನೆ. ಗಬ್ಬು ಶಾವಂತಿ, ನಾಯಿ ತುಳಸಿ, ನಾಯಿ ಸಾಸಿವಿ. ಬಿತ್ತಿ ಬೆಳದದ್ದರ ಹೆಸರಿಗೆ ಒಂದ್ ಬೈಗಳ ಜೋಡಿಸಿ ಇವುಗಳನ್ನ ಕರದೀವಿ. ಜಪಾನಿನವ್ರೂ ಹಂಗ ಮಾಡ್ಯಾರ, ಇನು ಅಂದ್ರ ನಾಯಿ, ಮನಷ್ಯಾರ ಉಪಯೋಗಕ್ಕ ಬರಲಾರದ ಗಿಡಕ್ಕ ಇನು ಅಂತ ಮುಂದ ಹಚ್ಚತಾರ. ಇನುತಾದೆ ಅನ್ನೂ ಗಿಡದ ಕೆಂಪ ಕಾಳಿನಂಥಾ ಹೂವನ್ನ ಅಲ್ಲಿ ಹುಡುಗೂರು ಅಡಗಿ ಆಟದಾಗ ಅನ್ನ ಮಾಡ್ಕೊಂಡು ಕೆಂಪನ್ನ ಅಂತ ಎರಡನೇ ಹೆಸರಿಟ್ಟಾರ. ನಮ್ಮಲ್ಲೂ ಮಕ್ಕಳು ಇಟ್ಟ ಹೆಸರು, ಆಟದ ಹೆಸರು ಇರಬೇಕು. ತುಂಬಿ ಹೂ ಕಿತ್ತು ಬುಡ ಚೀಪಿ ಜೇನು ಹೀರಿದವ್ರು ನಾವು, ಉತ್ತರಾಣಿ ಕಡ್ಡಿ ಗೆಳತ್ಯಾರ ಲಂಗಕ್ಕ ಅಂಟಿಸಿ ಓಡಿದವ್ರು. ಆಗ ಏನಂತಿದ್ರಿ? ಗಬ್ಬು ಶಾವಂತಿಗೆ ಬ್ಯಾರೆ ಹೆಸರು ಯಾವ ಊರಾಗರ ಐತೇನು? ನಾ ಹಾಯ್ಕುದಾಗ ಗಬ್ಬು ಅನ್ನೂದನ್ನ ತಗೀಲಿಲ್ಲ, ಗಟಾರದ ಬಾಜೂ ಅದು ಸರಿಯಾಗಿ ಕುಂತೈತಿ ಅನಸ್ತು. ಆದ್ರ ಮಾತ್ರೆಯವ್ರು ಒಪ್ಪೂದಿಲ್ಲ.

ಮಾತ್ರೆ ವಿಷಯ ಇಲ್ಲೇ ಹೇಳಿ ಮುಗಸತೀನಿ. ಕನ್ನಡದಾಗ 5-7-5 ಅಂದ್ರ ಎಲ್ಲಾರೂ ಅಕ್ಷರ ಎಣಸತಾರ, ಜಪಾನಿ ಎಣಿಕಿ ಖರೇ ನೋಡಿದ್ರ ನಮ್ಮ ಮಾತ್ರೆಗೆ ಹತ್ರ. ಟೋಕ್ಯೋ ಅಂದ್ರ ಅವ್ರಿಗೆ ನಾಕು, ನಮ್ಮ ಲಘು ಗುರು ಲೆಕ್ಕದಾಗೂ ನಾಕು. ನಿಪ್ಪೊನ್ ಅಂದ್ರೂ ಇಬ್ಬರಿಗೂ ನಾಕ. ಮ್ಯಾಲೆ ಬರದ ಬಾಶೋನ ಸಾಲು ನೋಡ್ರಿ, ಪ್ರತಿ ಅಕ್ಷರನೂ ಲಘು, ಅದಕ್ಕ ಎರಡೂ ಲೆಕ್ಕ ಕೂಡತಾವ. "ಗಟಾರ ದಂಡಿ" ಅಕ್ಷರದಾಗ ಐದು, ಮಾತ್ರೆದಾಗ ಏಳು. ಧಾರವಾಡ ಮಾತಿನ್ಯಾಗ ಒತ್ತಕ್ಷರ ಜಾಸ್ತಿ, ಬಿಟ್ಟೈತಿ, ತಗ್ಯಾಕಿ, ಹೊಲ್ದಾಗ, ಹಿಂಗಾಗಿ ಅಕ್ಷರ ಉಳಿತಾವ, ಮಾತ್ರೆ ಉಳಿಯೂದಿಲ್ಲ. ನನಗಂತೂ ಅಕ್ಷರದ ಲೆಕ್ಕ ಸಾಕು, ಕಿವಿಗೆ ಸರಿ ಅನಸಿದ್ರ ಆತು. ಛಂದಸ್ಸು ಬಲ್ಲವ್ರು ಬ್ಯಾರೆ ಹೇಳಿದ್ರ ಕೇಳತೀನಿ.

ಇನ್ನ ಕಾಂಗ್ರೆಸ್ ಕಸ. ಇದನ್ನ ಬಿಟ್ಟು ಚರ್ಚೆ ಮಾಡಿದ್ರ ಅರ್ಧ ಆಗತೈತಿ. 1955ರ ಸುಮಾರಿಗೆ ಪುಣೆದಾಗ ಕಣ್ಣಿಗೆ ಬಿದ್ದ ಪಾರ್ಥೇನಿಯಂ ಈಗ ಹುಬ್ಬಳ್ಳಿ ಬೈಪಾಸಿನಿಂದ ಹಿಡದು ಗದಗ ಸ್ಟೇಶನ್ ತನಕ ಎಲ್ಲಾ ಕಡೆ ಐತಿ. ಮುಟ್ಟಿದವ್ರ ಮೈ ತುರಸತೈತಿ, ಉಬ್ಬಸ ಬರತೈತಿ. ಅದನ್ನ ತಿನ್ನೂ ಮೆಕ್ಸಿಕೋದ ಜೀರಂಗಿನ್ನ 1984ರಾಗ ಬೆಂಗಳೂರಾಗ ಬಿಟ್ರು, ಮಳಿಗಾಲದಾಗ ಎಲಿ ಜರಡಿ ಆಗಿದ್ದು ಕಾಣತೈತಿ, ಆದ್ರೂ ಗಿಡ ಹೋಗಿಲ್ಲ. ಹತ್ರದಿಂದ ನೋಡಿದ್ರ ಅದರ ಹೂವೂ ಚಂದನ, ಕಾಳಿನಷ್ಟ ಬಿಳಿ ಹೂ, ಐದು ಮೂಲಿ. ಚಂದ ಐತಿ ಅಂದ್ರ ಬೆಳೀಲಿ ಅಂತ ಅರ್ಥ ಅಲ್ಲ, ನಾನೂ ಕಂಪೌಂಡಿನಾಗ ಕೈಗವಸು ಹಾಕ್ಕೊಂಡು ಕೀಳತೀನಿ. ಆದ್ರ ಹಾಯ್ಕು ಬರಿಯೂವಾಗ ಕಂಡಿದ್ದನ್ನ ಕಂಡಿಲ್ಲ ಅನ್ನಬಾರ್ದು. ಇಲ್ಲಿ ಕಸ ಅನ್ನೂ ಪದ ಹೆಸರಿನ್ಯಾಗ ಹೊಕ್ಕೈತಿ, ತಗಿಯಾಕ ಬರೂದಿಲ್ಲ.

ಇದರ ಎದುರಿಗೆ ನಮ್ಮ ಹಬ್ಬ ಇಟ್ಟು ನೋಡ್ರಿ. ದೀಪಾವಳಿಗೆ ಸೆಗಣಿ ಪಾಂಡವರನ್ನ ಮಾಡಿ ಉತ್ತರಾಣಿ ಕಡ್ಡಿ, ಹೊನ್ನಂಬರಿ ಹೂ ಸಿಗಸತೀವಿ. ಗಣಪತಿಗೆ ಕರಕಿ, ಹನಮಪ್ಪಗ ಎಕ್ಕಿ ಎಲಿ, ಶಿವಗ ತುಂಬಿ. ಎಲ್ಲಾ ಹೊಲದಾಗ ಕಸ, ಜಗಲಿ ಮ್ಯಾಲ ಪತ್ರಿ. ಕರಕಿ ಬೇರು ಹೋಗವಲ್ವು ಅಂತ ಬೈಕೊಂತ ಕೀಳೂ ಕೈನ ಚೌತಿ ದಿವಸ ಇಪ್ಪತ್ತೊಂದು ಎಸಳು ಆರಿಸಿ ತರತೈತಿ. ಪತ್ರಿ ಅನ್ನೂ ಪದಾನ ಹಾಯ್ಕುದಾಗ ಹಾಕಿದ್ರ ಹೆಂಗ ಅಂತ ವಿಚಾರ ಮಾಡಿದೆ, ಆದ್ರ ಪತ್ರಿ ಅಂದ ಕೂಡ್ಲೆ ಗಿಡ ದೇವ್ರ ಮನಿಗೆ ಬಂದಬಿಡತೈತಿ, ಗಟಾರ ದಂಡಿಯಾಗ ಉಳಿಯೂದಿಲ್ಲ. ನನಗ ಅಲ್ಲೇ ಉಳಿಬೇಕು.

ಒಟ್ಟಿನ್ಯಾಗ ನನ್ನ ಒಲವು ಹಿಂಗೈತಿ. ಎಲ್ಲಿ ಗಿಡದ ಹೆಸರು ಗೊತ್ತೈತೋ ಅಲ್ಲಿ ಹೆಸರ ಬರೀಬೇಕು, ತುಂಬಿ, ಉತ್ತರಾಣಿ, ನೆಗ್ಗಿನ ಮುಳ್ಳು, ಹಕ್ಕರಕಿ. ಹೊಲದ ಕೆಲಸದ ಮಾತು ಬಂದಲ್ಲಿ ಕಸ ಅಂತನ ಇರ್ಲಿ, ಬೆಂಗಳೂರಿನವ್ರು ಒಂದ್ಸಲ ಕೇಳಿ ತಿಳ್ಕೊಳ್ಲಿ. ಕಳೆ ಪದ ಆ ಎರಡು ಅರ್ಥ ಬೇಕಾದಲ್ಲಿ ಮಾತ್ರ. ಒಪ್ಪಲಾರದವ್ರು ಕಾರಣ ಸಮೇತ ಬರೀರಿ.

ಕಡೀಕ ಒಂದು. ಕಪ್ಪತಗುಡ್ಡದ ಬುಡಕ್ಕ ಮಸಾರಿ ನೆಲದಾಗ ನೆಲಕ್ಕಂಟಿ ಹಬ್ಬೂ ಸಣ್ಣ ನೀಲಿ ಹೂವಿನ ಗಿಡ ಐತಿ, ಮುಂಜಾನೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚತೈತಿ. ಪುಸ್ತಕದಾಗ ವಿಷ್ಣುಕ್ರಾಂತಿ. ಕುರಿ ಕಾಯೂವ್ರು, ಹೊಲದ ಹೆಣ್ಮಕ್ಕಳು ಅದಕ್ಕ ಏನಂತಾರ? ಶಿರಹಟ್ಟಿ, ಮುಂಡರಗಿ ಕಡೆಯವ್ರು ಮನ್ಯಾಗ ಹಿರ್ಯಾರನ್ನ ಕೇಳಿ ತಿಳಸ್ರಿ. ಹೆಸರು ಬರಿಯೂವಾಗ ಊರು ತಾಲೂಕು ಹಾಕ್ರಿ, ಎರಿ ಹೊಲನೋ ಮಸಾರಿನೋ ಅದನ್ನೂ ಹಾಕ್ರಿ, ಹಳ್ಳಿಗೊಂದು ಹೆಸರು ಬದಲಾಗತೈತಿ.