ಗೆಳತಿಗಾಗಿ ಅಡ ಇಟ್ಟ ಬಳೆ: ಓದುಗರ ಸ್ಪಂದನ

ಸಮಸ್ಯೆ: ನಾನು ದಾವಣಗೆರೆಯ ಗೃಹಿಣಿ. ಪಕ್ಕದ ಮನೆಯವರ ಜೊತೆ ಹನ್ನೊಂದು ವರ್ಷದ ಸ್ನೇಹ. ಕಳೆದ ವರ್ಷ ಅವರ ಮಗನ ಎಂಜಿನಿಯರಿಂಗ್ ಫೀಸಿಗೆ ದುಡ್ಡು ಹೊಂದಲಿಲ್ಲ. ನಮ್ಮ ಮನೆಯವರಿಗೆ ಹೇಳದೆ ನನ್ನ ನಾಲ್ಕು ಬಳೆ, ಅವಲಕ್ಕಿ ಸರವನ್ನು ಸಹಕಾರ ಸಂಘದಲ್ಲಿ ನನ್ನ ಹೆಸರಲ್ಲೇ ಅಡ ಇಟ್ಟು 1.80 ಲಕ್ಷ ಕೊಟ್ಟೆ. ಒಂದೂವರೆ ಲಕ್ಷ ಫೋನ್‌ಪೇಯಲ್ಲಿ, ಉಳಿದದ್ದು ಕೈಯಲ್ಲಿ. ಕೆಲವು ತಿಂಗಳು ಬಡ್ಡಿ ಕೊಟ್ಟರು, ಆಮೇಲೆ ನಿಲ್ಲಿಸಿದರು. ಈ ನಡುವೆ ಮಹಡಿ ಮೇಲೆ ಎರಡು ರೂಮು ಕಟ್ಟಿಸಿ ಬಾಡಿಗೆಗೂ ಕೊಟ್ಟರು. ಕೇಳಿದ್ದಕ್ಕೆ ‘ನಾನೇನು ಊರು ಬಿಟ್ಟು ಓಡಿ ಹೋಗ್ತೀನಾ’ ಅಂದರು. ಈಗ ಬೀದಿಯಲ್ಲೆಲ್ಲ ನಾನು ಬಡ್ಡಿ ವ್ಯವಹಾರ ಮಾಡ್ತೀನಿ ಅಂತ ಹೇಳುತ್ತಿದ್ದಾರೆ. ಈ ಸಲ ವರಮಹಾಲಕ್ಷ್ಮಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೂ ಬರಲಿಲ್ಲ. ಸಂಘದಿಂದ ನೋಟಿಸ್ ಬಂದಿದೆ. ಮಗಳ ಮದುವೆ ಮಾತುಕತೆ ನಡೆಯುತ್ತಿದೆ. ಏನು ಮಾಡಲಿ?

ತಂಗಿ, ಮೊದಲು ಆ ನೋಟಿಸ್ ಹಿಡಿದುಕೊಂಡು ಸಂಘಕ್ಕೆ ಹೋಗಿ. ಗೆಳತಿಯ ವಿಷಯ ಆಮೇಲೆ. ಸಂಘದ ಲೆಡ್ಜರಿನಲ್ಲಿ ಇರುವುದು ನಿಮ್ಮೊಬ್ಬರ ಹೆಸರು. ದುಡ್ಡು ಯಾರ ಕೈಗೆ ಹೋಯಿತು, ಯಾರ ಮಗನ ಫೀಸಿಗೆ ಹೋಯಿತು ಅನ್ನುವುದು ಅವರಿಗೆ ಬೇಕಾಗಿಲ್ಲ. ಗೆಳತಿ ಕೊಟ್ಟರೆ ಕಟ್ಟುತ್ತೇನೆ ಅಂತ ಕಾಯುತ್ತಾ ಕೂತರೆ ಒಡವೆ ಹರಾಜಿಗೆ ಹೋಗುತ್ತದೆ. ಬಾಕಿ ಬಡ್ಡಿ ಕಟ್ಟಿ ಸಾಲ ನವೀಕರಣ ಮಾಡಿಕೊಡಿ ಅಂತ ಕೇಳಿ. ಸಾಮಾನ್ಯವಾಗಿ ಒಪ್ಪುತ್ತಾರೆ. ಸ್ವಲ್ಪ ಅಸಲು ಕಟ್ಟಿದರೆ ಒಂದೆರಡು ಬಳೆಯನ್ನಾದರೂ ಬಿಡಿಸಿಕೊಡುತ್ತಾರಾ ಅಂತಲೂ ವಿಚಾರಿಸಿ.

ಒಂದು ಆಸೆ ತೋರಿಸಬಹುದು, ಎಚ್ಚರ. ನೀವು ಅಡ ಇಟ್ಟಾಗಿನಿಂದ ಚಿನ್ನದ ಬೆಲೆ ಎಷ್ಟು ಏರಿದೆ ಅಂತ ನಿಮಗೇ ಗೊತ್ತು. ಅದೇ ಒಡವೆ ಮೇಲೆ ಇನ್ನೂ ಜಾಸ್ತಿ ಸಾಲ ಸಿಗುತ್ತದೆ, ಅದರಲ್ಲೇ ಹಳೇ ಬಡ್ಡಿ ಮುರಿದುಕೊಳ್ಳೋಣ ಅಂತ ಕೌಂಟರಿನಲ್ಲಿ ಹೇಳಿಯಾರು. ಬೇಡ. ಹಾಗೆ ಮಾಡಿ ಅಸಲು ಬೆಳೆಯುತ್ತಾ ಹೋಗಿ, ಕೊನೆಗೆ ಒಡವೆಯನ್ನೇ ಬಿಟ್ಟುಕೊಟ್ಟವರನ್ನು ನನ್ನ ಸರ್ವಿಸ್‌ನಲ್ಲಿ ಬೇಕಾದಷ್ಟು ನೋಡಿದ್ದೇನೆ. ಒಂದು ವೇಳೆ ಹರಾಜಾದರೂ ಅಸಲು, ಬಡ್ಡಿ, ಖರ್ಚು ಕಳೆದು ಉಳಿದ ದುಡ್ಡು ನಿಮ್ಮದೇ. ಎಷ್ಟೋ ಜನ ಅದನ್ನು ಕೇಳಲು ಹೋಗುವುದೇ ಇಲ್ಲ.
– ನಿವೃತ್ತ ಸಹಕಾರಿ ಬ್ಯಾಂಕ್ ನೌಕರರು, ಶಿವಮೊಗ್ಗ

ಗಂಡನಿಗೆ ಹೇಳಿ. ಇವತ್ತೇ ಹೇಳಿ. ನೋಟಿಸ್ ಮುಂದಿನ ಸಲ ಅವರ ಕೈಗೇ ಸಿಗಬಹುದು. ನೀವೇ ಹೇಳಿದರೆ ಒಂದು ದಿನ ಕೂಗಾಡುತ್ತಾರೆ. ಬೇರೆಯವರಿಂದ ಗೊತ್ತಾದರೆ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ.
– ಓದುಗರು, ಹಾಸನ

ಅಕ್ಕಾ, ನಿಮ್ಮ ಪತ್ರ ಎರಡು ಸಲ ಓದಿದೆ. ದುಡ್ಡು ಹೋದದ್ದಕ್ಕಿಂತ ಅವರು ಕುಂಕುಮಕ್ಕೆ ಬರಲಿಲ್ಲ ಅನ್ನೋದೇ ನಿಮಗೆ ಹೆಚ್ಚು ಚುಚ್ಚಿದೆ ಅನಿಸಿತು. ಅದಕ್ಕೇ ನೀವು ಗಟ್ಟಿಯಾಗಿ ಕೇಳಲು ಆಗುತ್ತಿಲ್ಲ. ಕೇಳಿದರೆ ಉಳಿದದ್ದೂ ಹೋದೀತು ಅನ್ನೋ ಭಯ. ಆದರೆ ಉಳಿದದ್ದು ಏನಿದೆ ಹೇಳಿ? ‘ಬಡ್ಡಿ ವ್ಯವಹಾರ ಮಾಡ್ತಾಳೆ’ ಅಂತ ಬೀದಿಗೆಲ್ಲ ಹೇಳಿದ ಮೇಲೆ ನಾಳೆ ದುಡ್ಡು ವಾಪಸ್ ಬಂದರೂ ಅವರು ಕೊಟ್ಟ ಸಾರಿನ ಬಟ್ಟಲನ್ನು ನೀವು ಮೊದಲಿನಂತೆ ಇಸಿದುಕೊಳ್ಳುತ್ತೀರಾ? ನನ್ನ ಕೈಲಂತೂ ಆಗುವುದಿಲ್ಲ.

ಬೀದಿಯವರಿಗೆ ಸಮಜಾಯಿಷಿ ಕೊಡಲು ಹೋಗಬೇಡಿ. ಒಬ್ಬರಿಗೆ ಹೇಳಿದರೆ ಹತ್ತು ಜನರಿಗೆ ಹೇಳಬೇಕಾಗುತ್ತದೆ, ಹತ್ತೂ ಜನ ಬೇರೆ ಬೇರೆ ಥರ ಕೇಳಿಸಿಕೊಳ್ಳುತ್ತಾರೆ. ಯಾರಾದರೂ ನೇರವಾಗಿ ಕೇಳಿದರೆ ‘ಅವರ ಮಗನ ಫೀಸಿಗೆ ನನ್ನ ಬಳೆ ಅಡ ಇಟ್ಟು ಕೊಟ್ಟಿದ್ದೆ, ಇನ್ನೂ ಬಂದಿಲ್ಲ’ ಅಂತ ಇಷ್ಟೇ ಹೇಳಿ ಸುಮ್ಮನಾಗಿ. ಮಗಳ ಮದುವೆಗೆ ಗಂಡಿನ ಕಡೆಯವರು ಬೀದಿಯಲ್ಲಿ ವಿಚಾರಿಸುತ್ತಾರೆ, ಅಲ್ವಾ? ಅವರ ಕಿವಿಗೆ ಜಗಳದ ಕಥೆ ಬೀಳುವುದಕ್ಕಿಂತ ಈ ಒಂದು ಮಾತು ಬೀಳುವುದು ವಾಸಿ.
– ಗೃಹಿಣಿ, ಧಾರವಾಡ

ಕಾನೂನಿನ ಕಡೆಯಿಂದ ನಿಮ್ಮ ಸ್ಥಿತಿ ಅಂದುಕೊಂಡಷ್ಟು ಕೆಟ್ಟದಾಗಿಲ್ಲ. ಒಂದೂವರೆ ಲಕ್ಷ ಫೋನಿನಲ್ಲಿ ಹೋಗಿದೆ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ದಾಖಲೆ ಇದೆ. ಒಡವೆ ಅಡ ಇಟ್ಟ ರಸೀದಿಯ ತಾರೀಖೂ ದುಡ್ಡು ಕಳಿಸಿದ ತಾರೀಖೂ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ಅವರು ಕೊಟ್ಟ ಬಡ್ಡಿ ಫೋನಿನಲ್ಲೇ ಬಂದಿದ್ದರೆ ಅದೂ ಸಾಕ್ಷಿ. ವಾಟ್ಸ್‌ಆ್ಯಪ್ ಮೆಸೇಜುಗಳನ್ನು ಅಳಿಸಬೇಡಿ, ಫೋನ್ ಬದಲಿಸಿದರೂ ಹಳೆಯದನ್ನು ಇಟ್ಟುಕೊಳ್ಳಿ. ಕೈಯಲ್ಲಿ ಕೊಟ್ಟ ಮೂವತ್ತು ಸಾವಿರಕ್ಕೆ ಮಾತ್ರ ಕಷ್ಟ. ಅದನ್ನು ಅವರ ಬಾಯಿಂದಲೇ ಬರೆಸಬೇಕು. ‘ಒಟ್ಟು 1.80 ಲಕ್ಷದಲ್ಲಿ ಈ ತಿಂಗಳು ಎಷ್ಟು ಕೊಡ್ತೀರಿ’ ಅಂತ ಮೆಸೇಜ್ ಹಾಕಿ. ‘ದೀಪಾವಳಿ ಆದ ಮೇಲೆ ನೋಡೋಣ’ ಅಂತ ಉತ್ತರ ಬಂದರೂ ಸಾಲ ಇಲ್ಲ ಅಂತ ಅವರು ಹೇಳಲಿಲ್ಲ ಎಂದಾಯಿತು.

ಕೈಸಾಲದ ದಾವೆಗೆ ಸಾಮಾನ್ಯವಾಗಿ ಕೊಟ್ಟ ದಿನದಿಂದ ಮೂರು ವರ್ಷದ ಕಾಲಮಿತಿ. ಅದರೊಳಗೆ ಅವರು ಸಾಲ ಒಪ್ಪಿಕೊಂಡು ಬರೆದು ಸಹಿ ಹಾಕಿದರೆ ಆ ದಿನದಿಂದ ಮತ್ತೆ ಮೂರು ವರ್ಷ. ಆದ್ದರಿಂದ ಈಗಲೇ ಒಂದು ಪ್ರೋನೋಟ್, ಅಂದರೆ ಇಷ್ಟು ದುಡ್ಡು ಕೊಡುತ್ತೇನೆ ಅಂತ ಸಹಿ ಹಾಕಿದ ಪತ್ರ, ಬರೆಸಿಕೊಂಡರೆ ಒಳ್ಳೆಯದು. ಚೆಕ್ ಕೊಟ್ಟರೆ ತೆಗೆದುಕೊಳ್ಳಿ, ಆದರೆ ಬೀರುವಿನಲ್ಲಿಟ್ಟು ಮರೆಯಬೇಡಿ. ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಬೌನ್ಸ್ ಆದರೆ ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು, ಅವರಿಗೆ ನೋಟಿಸ್ ತಲುಪಿ 15 ದಿನ ಕಳೆದರೂ ದುಡ್ಡು ಬರದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೇಸು. ಈ ತಾರೀಖುಗಳು ತಪ್ಪಿಯೇ ಎಷ್ಟೋ ಒಳ್ಳೆಯ ಕೇಸುಗಳು ಬಿದ್ದುಹೋಗುತ್ತವೆ.

ಪೊಲೀಸ್ ಠಾಣೆಗೆ ಓಡಬೇಡಿ. ಮೊದಲಿನಿಂದಲೂ ಮೋಸ ಮಾಡುವ ಉದ್ದೇಶ ಇತ್ತು ಅಂತ ತೋರಿಸಲು ಆಗದಿದ್ದರೆ ಇದು ಸಿವಿಲ್ ವ್ಯಾಜ್ಯ ಅಂತ ಕಳಿಸುತ್ತಾರೆ. ನಾಲ್ಕು ಜನರನ್ನು ಕಟ್ಟಿಕೊಂಡು ಅವರ ಬಾಗಿಲಿಗೆ ಹೋಗಿ ಕೂಗಾಡುವುದೂ ಬೇಡ. 2025ರಲ್ಲಿ ನಮ್ಮ ರಾಜ್ಯದಲ್ಲಿ ಸಾಲ ವಸೂಲಿ ಕಿರುಕುಳದ ವಿರುದ್ಧ ಕಟ್ಟುನಿಟ್ಟಿನ ಕಾನೂನು ಬಂದಿದೆ. ಅದು ಇರುವುದು ಮೈಕ್ರೋ ಫೈನಾನ್ಸ್, ಲೇವಾದೇವಿ ನಡೆಸುವವರಿಗೆ. ಗೆಳತಿಗೆ ಒಂದು ಸಲ ಕೈಸಾಲ ಕೊಟ್ಟವರು ಲೇವಾದೇವಿಯವರಾಗುವುದಿಲ್ಲ. ಆದರೆ ಬಡ್ಡಿಯವಳು ಅನ್ನುವ ಮಾತನ್ನು ಅವರು ಆಗಲೇ ಹಬ್ಬಿಸಿದ್ದಾರೆ, ದೂರಿಗೆ ನೀವಾಗಿ ನೆಪ ಒದಗಿಸಬೇಡಿ.

ವಕೀಲರ ಫೀಸಿನ ಚಿಂತೆಯೂ ಬೇಡ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಕೇಸು ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ಕೋರ್ಟ್ ಶುಲ್ಕ ಇಲ್ಲ. ಅಲ್ಲಿ ರಾಜಿಯಾಗಿ ಅವಾರ್ಡ್ (ರಾಜಿಯ ಲಿಖಿತ ಆದೇಶ) ಆದರೆ ಅದಕ್ಕೆ ಕೋರ್ಟ್ ಡಿಕ್ರಿಯಷ್ಟೇ, ಅಂದರೆ ತೀರ್ಪಿನಷ್ಟೇ, ಬೆಲೆ, ಅದರ ಮೇಲೆ ಅಪೀಲು ಇಲ್ಲ.
– ವಕೀಲರು, ಮೈಸೂರು

ಎಲ್ಲರೂ ಆ ಪಕ್ಕದ ಮನೆಯವರನ್ನು ಬೈಯುತ್ತಾರೆ ಅಂತ ಗೊತ್ತು. ನಾನು ಸ್ವಲ್ಪ ಅವರ ಕಡೆಯಿಂದಲೂ ಹೇಳುತ್ತೇನೆ. ನನ್ನ ಅಮ್ಮನೂ ಒಂದು ಕಾಲದಲ್ಲಿ ಪಕ್ಕದ ಮನೆಯಿಂದ ಸಾಲ ಮಾಡಿದ್ದರು. ಕೊಡಲು ಆಗದಿದ್ದಾಗ ಮೊದಲು ಅವರ ಮುಖ ತಪ್ಪಿಸಿದರು. ಆಮೇಲೆ ಅವರಲ್ಲೇ ಒಂದೊಂದು ತಪ್ಪು ಹುಡುಕಲು ಶುರುಮಾಡಿದರು. ತನಗಿಂತ ಅವರೇ ಕೆಟ್ಟವರು ಅನಿಸಿದರೆ ಸಾಲದ ಭಾರ ಸ್ವಲ್ಪ ಹಗುರ ಆಗುತ್ತಿತ್ತೇನೋ. ಅಮ್ಮ ಮೋಸಗಾರ್ತಿ ಆಗಿರಲಿಲ್ಲ. ನಿಮ್ಮ ಗೆಳತಿಯ ಬಾಯಲ್ಲೂ ಆ ಬಡ್ಡಿ ಮಾತು ಹೀಗೇ ಹುಟ್ಟಿರಬಹುದು. ಹಾಗಂತ ಮಾಡಿದ್ದು ಸರಿ ಅನ್ನುತ್ತಿಲ್ಲ. ರೂಮು ಕಟ್ಟಲು ದುಡ್ಡು ಇದ್ದವರಿಗೆ ಬಡ್ಡಿ ಕಟ್ಟಲು ಇರಲಿಲ್ಲ ಅಂದರೆ ನಾನೂ ನಂಬುವುದಿಲ್ಲ.

ಆದರೆ ಆ ರೂಮುಗಳಲ್ಲೇ ದಾರಿ ಇದೆ. 1.80 ಲಕ್ಷ ಒಟ್ಟಿಗೆ ತಂದುಕೊಡಿ ಅಂದರೆ ಅವರು ಮತ್ತೆ ಮುಖ ತಿರುಗಿಸುತ್ತಾರೆ. ಮಹಡಿಯ ಬಾಡಿಗೆಯನ್ನು ತಿಂಗಳು ತಿಂಗಳು ನೇರ ಸಂಘದಲ್ಲಿರುವ ನಿಮ್ಮ ಸಾಲದ ಖಾತೆಗೇ ಹಾಕಿ ಅಂತ ಕೇಳಿ. ದುಡ್ಡು ನಿಮ್ಮ ಕೈಗೆ ಬರುವುದೇ ಬೇಡ. ಅವರಿಗೂ ನಿಮ್ಮ ಬಾಗಿಲು ತಟ್ಟಿ ಎಣಿಸಿಕೊಡುವ ಮುಜುಗರ ತಪ್ಪುತ್ತದೆ. ಇದನ್ನು ಅವರ ಯಜಮಾನರ ಎದುರಿಗೇ ಮಾತಾಡಿ. ಅವರಿಗೂ ಈ ಸಾಲದ ವಿಷಯ ಗೊತ್ತಿಲ್ಲದೆ ಇರಬಹುದು, ನಿಮ್ಮ ಮನೆಯಲ್ಲಿ ಇದ್ದ ಹಾಗೆಯೇ.
– ಓದುಗರು, ಬೆಂಗಳೂರು

ದುಡ್ಡು ಬರಲಿ ಬಿಡಲಿ, ಆ ಹುಡುಗನ ಮುಂದೆ ಮಾತ್ರ ಈ ವಿಷಯ ಎತ್ತಬೇಡಿ. ನಿಮ್ಮ ಕಣ್ಣೆದುರು ಬೆಳೆದವನು. ದೊಡ್ಡವರ ವ್ಯವಹಾರ ದೊಡ್ಡವರ ಮಧ್ಯೆಯೇ ಮುಗಿಯಲಿ.
– ಶಿಕ್ಷಕಿ, ಉಡುಪಿ

ನಾನೂ ಎಂಜಿನಿಯರಿಂಗ್ ಓದುತ್ತಿದ್ದೇನೆ ಆಂಟಿ. ನನ್ನ ಫೀಸಿಗೆ ಪಕ್ಕದ ಮನೆಯವರ ಬಳೆ ಅಡ ಹೋಗಿದ್ದರೆ ನನಗೆ ಗೊತ್ತಾಗಲೇಬೇಕು ಅಂತ ನಾನು ಬಯಸುತ್ತಿದ್ದೆ. ಅವನನ್ನು ಬೈಯಬೇಡಿ, ಅವಮಾನ ಮಾಡಬೇಡಿ. ಅವನ ಅಪ್ಪ ಅಮ್ಮನ ಜೊತೆ ಕೂತು ಮಾತಾಡುವ ದಿನ ಅವನೂ ಅಲ್ಲಿ ಇರಲಿ, ಅಷ್ಟೇ. ಉಳಿದ ವರ್ಷಗಳ ಫೀಸಿಗೆ ಅವನು ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಕೇಳಬಹುದು. 7.5 ಲಕ್ಷದವರೆಗೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುವುದಿಲ್ಲ, ಅಪ್ಪ ಅಥವಾ ಅಮ್ಮ ಜೊತೆಗೆ ಸಹಿ ಹಾಕಿದರೆ ಆಯಿತು. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಮುಂದಿನ ವರ್ಷದ ಫೀಸಿಗೆ ಅಂತ ಅವರು ಎತ್ತಿಟ್ಟ ದುಡ್ಡು ಇದ್ದರೆ ಅದು ಆಗ ನಿಮ್ಮ ಸಾಲಕ್ಕೆ ಬರುತ್ತದೆ. ನಿಮ್ಮ ಹೆಸರಲ್ಲಿ ಇನ್ನೊಂದು ಸಾಲಕ್ಕೆ ಜಾಮೀನು ಹಾಕಿ ಅಂತ ಕೇಳಿದರೆ ಮಾತ್ರ ಹಾಕಬೇಡಿ.
– ವಿದ್ಯಾರ್ಥಿ, ಬಳ್ಳಾರಿ